ಹದಿಮೂರನೆಯ ಚೆಂಡು

ನನ್ನ ಗಂಡನಿಗೆ ಏನಾಗಿದೆ ಎಂಬುದು ಮನೆಯಲ್ಲಿ ನನ್ನೊಬ್ಬಳಿಗೇ ಗೊತ್ತಿರಲಿಲ್ಲ. ಸೊಲ್ಲಾಪುರದ ಆಸ್ಪತ್ರೆಯಿಂದ ತಿರುಗಿ ಬಂದಾಗ ಹೊಟ್ಟೆಯದು ಸಣ್ಣ ತಕರಾರು, ಗುಳಿಗೆ ಕೊಟ್ಟಿದ್ದಾರೆ ಎಂದು ಮೈದುನ ಹೇಳಿದ. ಅತ್ತೆಯೂ ಅದನ್ನೇ ಹೇಳಿದರು. ನಾನು ನಂಬಿದೆ. ಬೆಳಿಗ್ಗೆ ಅವರಿಗೆ ಗಂಜಿ ಕುಡಿಸಿ, ಆಳಂದದ ಕಾಲೇಜಿಗೆ ಹೋಗಿ ಪಿಯುಸಿ ಹುಡುಗರಿಗೆ ಗಣಿತ ಪಾಠ ಮಾಡಿ, ಸಂಜೆ ಬಂದು ಪೇಪರು ತಿದ್ದುತ್ತ ಕೂಡುತ್ತಿದ್ದೆ. ಅವರು ಏನೋ ಹೇಳಲು ಬಂದಾಗ ಇದೊಂದಿಷ್ಟು ಮುಗಿಸುತ್ತೇನೆ ತಡೀರಿ ಎನ್ನುತ್ತಿದ್ದೆ. ರಮ್ಜಾನಿಗೆ ಮುಂಚೆ ಅವರು ಹೋಗಿಬಿಟ್ಟರು.

ಡಾಕ್ಟರು ಮೊದಲ ದಿನವೇ ಮನೆಯವರಿಗೆ ಎಲ್ಲ ಹೇಳಿದ್ದರು ಎಂಬುದು ಆಮೇಲೆ ತಿಳಿಯಿತು. ನನ್ನ ಅಮ್ಮನಿಗೂ ಗೊತ್ತಿತ್ತಂತೆ. ಯಾಕೆ ಹೇಳಲಿಲ್ಲ ಎಂದು ಕೇಳಿದರೆ, ‘ತೂ ಘಬ್ರಾತಿ ಕರ್ಕೆ ನೈ ಬೋಲೆ ಬೇಟಾ’ ಎಂದಳು. ನೀನು ಗಾಬರಿಯಾಗುತ್ತೀ ಎಂದು ಹೇಳಲಿಲ್ಲ, ಅಷ್ಟೆ. ಗಂಡ ಹೋದಾಗ ನಾನು ಅತ್ತಿದ್ದೆ. ಆದರೆ ಈ ಮಾತಿಗೆ ನನಗೆ ಅಳುವೂ ಬರಲಿಲ್ಲ. ಗೊತ್ತಿದ್ದರೆ ಆ ಸಂಜೆಗಳಲ್ಲಿ ಪೇಪರು ಪಕ್ಕಕ್ಕಿಟ್ಟು ಅವರ ಮಾತು ಕೇಳುತ್ತಿದ್ದೆನಲ್ಲ!

ಗಂಡ ಹೋದವಳು ಮನೆಯೊಳಗೇ ಇರಬೇಕಾದ ನಾಲ್ಕು ತಿಂಗಳು ಹತ್ತು ದಿನದ ಇದ್ದತ್ ಮುಗಿದು ಮನೆಯಿಂದ ಹೊರಗೆ ಬೀಳುವಂತಾದಾಗ ನಾನು ಮೊದಲು ಹೋದದ್ದು ಅಫಜಲಪುರಕ್ಕೆ, ನನ್ನ ಸರ್ ಮನೆಗೆ. ಅಜ್ಜಿಯ ಮನೆಯಲ್ಲಿದ್ದು ಓದುವಾಗ ಮಾದನಹಿಪ್ಪರಗಾದ ಹೈಸ್ಕೂಲಿನಲ್ಲಿ ನನಗೆ ಗಣಿತ ಕಲಿಸಿದವರು ಅವರು. ಹಣೆಗೆ ವಿಭೂತಿ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಸುಣ್ಣದ ಕಡ್ಡಿಯ ಚೂರು. ಹುಡುಗಿಯರಿಗೆ ಗಣಿತ ಯಾಕೆ ಎಂದು ನನ್ನ ಅಪ್ಪ ಹಟ ಹಿಡಿದಾಗ, ಅವರು ಆಳಂದದ ನಮ್ಮ ಮನೆಯ ತನಕ ಬಂದು ಜಗಲಿಯ ಮೇಲೆ ಕೂತು ಅಪ್ಪನನ್ನು ಒಪ್ಪಿಸಿದ್ದರು. ಕಲಬುರಗಿಯಲ್ಲಿ ನಾನು ಎಂಎಸ್ಸಿ ಮುಗಿಸಿದ್ದು ಅವರಿಂದ. ನಿವೃತ್ತರಾದ ಮೇಲೆ ಸ್ವಂತ ಊರಾದ ಅಫಜಲಪುರದಲ್ಲಿ ಉಳಿದಿದ್ದರು.

ಆ ದಿನ ನಾನು ಅವರ ಮುಂದೆ ಎಲ್ಲವನ್ನೂ ಹೇಳಿದೆ. ಸಾವಿನದಕ್ಕಿಂತ ಹೆಚ್ಚಾಗಿ ಮುಚ್ಚಿಟ್ಟದ್ದನ್ನು ಹೇಳಿದೆ.

‘ಸರ್, ಎಲ್ಲಾರಿಗೂ ಗೊತ್ತಿತ್ತು. ನಾ ಒಬ್ಬಾಕಿನೇ ಹುಚ್ಚಿ ಹಂಗ ಓಡಾಡಿದೆ. ನನ್ನ ನೋಡಿ ಅವರಿಗೆಲ್ಲ ಪಾಪ ಅನಿಸ್ತಿತ್ತೋ ಏನೋ. ಆ ಪಾಪ ಅನ್ನೋದನ್ನೇ ನನಗ ಸಹಿಸಾಕ ಆಗೋದಿಲ್ರಿ.’

ಅವರು, ‘ಖರೇ ಅದ ಯವ್ವಾ. ಹಂಗ ಮಾಡಬಾರದಿತ್ತು’ ಎಂದರು. ಆ ಮಾತು ನನಗೆ ಎಷ್ಟು ಸಮಾಧಾನ ಕೊಟ್ಟಿತೆಂದರೆ, ಅವರ ಹೆಂಡತಿ ತಂದಿಟ್ಟ ರೊಟ್ಟಿ ಪಲ್ಯವನ್ನು ತಟ್ಟೆ ಖಾಲಿಯಾಗುವ ತನಕ ಉಂಡೆ.

ಹೊರಡುವ ಮುಂಚೆ ಅವರು ಒಳಗಿನಿಂದ ಒಂದು ಚೀಲ ತಂದರು. ಮಕ್ಕಳು ಆಡುವ ರಬ್ಬರು ಚೆಂಡುಗಳು, ಎಲ್ಲವೂ ಒಂದೇ ಅಳತೆಯವು. ಒಂದನ್ನು ನನ್ನ ಕೈಗೆ ಕೊಟ್ಟರು.

‘ಇದರ ಸುತ್ತ ಇಂಥವೇ ಚೆಂಡು ಇಡಬೇಕು. ಎಲ್ಲಾನೂ ನಡುವಿನದಕ್ಕ ಮುಟ್ಟಿರಬೇಕು. ಎಷ್ಟು ಕೂಡ್ತಾವ?’

ಹನ್ನೆರಡು ಎಂದು ನನಗೆ ಗೊತ್ತಿತ್ತು. ಇದು ಹಳೆಯ ಪ್ರಶ್ನೆ. ಗೋಳಗಳನ್ನು ಒಂದು ಜಾಗದಲ್ಲಿ ಎಷ್ಟು ದಟ್ಟವಾಗಿ ತುಂಬಬಹುದು ಎಂಬ ದೊಡ್ಡ ಪ್ರಶ್ನೆಯ ಒಡಹುಟ್ಟು. ಹಣ್ಣಿನಂಗಡಿಯವರು ಮೋಸಂಬಿ ಪೇರಿಸುವ ರೀತಿಯೇ ಎಲ್ಲಕ್ಕಿಂತ ದಟ್ಟವಾದದ್ದು, ಹಾಗೆ ಪೇರಿಸಿದರೆ ನೂರರಲ್ಲಿ ಸುಮಾರು ಎಪ್ಪತ್ತನಾಲ್ಕು ಪಾಲು ಜಾಗ ತುಂಬುತ್ತದೆ. ಇಷ್ಟನ್ನು ರುಜುವಾತು ಮಾಡಲು ನಾಲ್ಕು ನೂರು ವರ್ಷ ಹಿಡಿಯಿತು, ಕೊನೆಗೆ ಕಂಪ್ಯೂಟರಿನ ಸಹಾಯ ಬೇಕಾಯಿತು. ಹಾಗೆ ಪೇರಿಸಿದಾಗ ಒಳಗಿನ ಪ್ರತಿ ಮೋಸಂಬಿಯನ್ನೂ ಹನ್ನೆರಡು ಮುಟ್ಟಿರುತ್ತವೆ. ಆದರೆ ಈ ಹನ್ನೆರಡು ಗಟ್ಟಿಯಾಗಿ ಕಚ್ಚಿ ಕೂರಲೇಬೇಕೆಂದಿಲ್ಲ. ಬೇರೆ ರೀತಿ ಜೋಡಿಸಿದರೆ ಅಲುಗಾಡುತ್ತವೆ, ನಡುನಡುವೆ ಸಂದು ಬಿಡುತ್ತವೆ. ಆ ಸಂದುಗಳನ್ನೆಲ್ಲ ಒಂದು ಕಡೆ ಸರಿಸಿದರೆ ಹದಿಮೂರನೆಯದಕ್ಕೆ ಜಾಗ ಆದೀತೇ? ಮುನ್ನೂರು ವರ್ಷಗಳ ಹಿಂದೆ ಇಂಗ್ಲೆಂಡಿನ ಇಬ್ಬರು ಪಂಡಿತರು ಇದಕ್ಕೆ ವಾದ ಹೂಡಿದ್ದರು. ಆಗುವುದಿಲ್ಲ ಎಂದು ಗಟ್ಟಿಯಾದದ್ದು ಕಳೆದ ಶತಮಾನದಲ್ಲಿ. ಆ ರುಜುವಾತುಗಳು ನಮ್ಮ ಮಕ್ಕಳಿಗೆ ನಿಲುಕುವಂಥವಲ್ಲ.

‘ನಮ್ಮ ಆಳಂದದ ಪಿಯುಸಿ ಹುಡುಗಿ ಓದಿ ತಿಳಕೊಳ್ಳುವಂಥ ಪ್ರೂಫ್ ಒಂದು ಬರಿ ನೋಡೋಣ, ಕನ್ನಡದಾಗ’ ಎಂದರು ಸರ್.

ಚೆಂಡಿನ ಚೀಲ ಹಿಡಿದುಕೊಂಡು ಬಸ್ಸು ಹತ್ತಿದೆ.

ಮುಂದಿನ ವರ್ಷಗಳು ನನ್ನ ಬದುಕಿನ ಒಳ್ಳೆಯ ವರ್ಷಗಳು ಎಂದೇ ನಾನು ಹೇಳುತ್ತಿದ್ದೆ. ಚೆಂಡುಗಳಿಗೆ ಅಂಟು ಹಚ್ಚಿ ಜೋಡಿಸಿದೆ, ಕಿತ್ತೆ, ಮತ್ತೆ ಜೋಡಿಸಿದೆ. ಅಪ್ಪ ತೀರಿಕೊಂಡು ಅಮ್ಮ ಒಬ್ಬಳೇ ಇದ್ದ ತವರುಮನೆಗೆ ಬಂದುಬಿಟ್ಟಿದ್ದೆ. ಅಮ್ಮ ಕೌದಿ ಹೊಲಿಯುತ್ತ ಪಕ್ಕದಲ್ಲಿ ಕೂತು ಉರುಳಿ ಹೋದದ್ದನ್ನು ಎತ್ತಿ ಕೊಡುತ್ತಿದ್ದಳು. ನಡುವಿನ ಚೆಂಡಿನ ಮೇಲೆ, ಹೊರಗಿನವು ಮುಟ್ಟುವ ಜಾಗದಲ್ಲಿ ಚುಕ್ಕಿ ಇಟ್ಟೆ. ಹದಿಮೂರು ಚೆಂಡು ಕೂಡುವುದಾದರೆ ಹದಿಮೂರು ಚುಕ್ಕಿ. ಯಾವ ಎರಡು ಚುಕ್ಕಿಗಳೂ ಒಂದು ಮಿತಿಗಿಂತ ಹತ್ತಿರ ಬರಲಾರವು. ಅಕ್ಕಪಕ್ಕದ ಚುಕ್ಕಿಗಳನ್ನು ಗೆರೆಯಿಂದ ಸೇರಿಸಿದರೆ ಚೆಂಡಿನ ಮೈಯೆಲ್ಲ ತ್ರಿಭುಜಗಳು, ಒಟ್ಟು ಇಪ್ಪತ್ತೆರಡು. ಪ್ರತಿ ತ್ರಿಭುಜಕ್ಕೂ ಕನಿಷ್ಠ ಇಷ್ಟು ಜಾಗ ಬೇಕು ಎಂದು ಲೆಕ್ಕ ಹಾಕಿ ಕೂಡಿಸಿದರೆ, ಚೆಂಡಿನ ಮೈ ಹೆಚ್ಚೂಕಡಿಮೆ ತುಂಬುತ್ತದೆ, ಇನ್ನೊಂದು ತ್ರಿಭುಜಕ್ಕೂ ಸಾಲದಷ್ಟು ಉಳಿಯುತ್ತದೆ. ಆ ಉಳಿದದ್ದೇ ಎಲ್ಲ ತೊಂದರೆಯ ಮೂಲ. ಇಪ್ಪತ್ತೆರಡು ತ್ರಿಭುಜಗಳಲ್ಲಿ ಕೆಲವು ಹಿಗ್ಗಲೇಬೇಕು, ಹಿಗ್ಗಿದವು ಆ ಉಳಿದ ಜಾಗಕ್ಕಿಂತ ಹೆಚ್ಚು ತಿನ್ನುತ್ತವೆ, ಆದ್ದರಿಂದ ಹದಿಮೂರು ಕೂಡುವುದಿಲ್ಲ. ಇದು ನನ್ನ ವಾದ.

ಮೊದಲ ಸಲ ಬರೆದು ಒಯ್ದಾಗ ಸರ್ ನನ್ನ ಎದುರಿಗೇ ಓದಿದರು. ಒಂದು ಪುಟದಲ್ಲಿ ಬೆರಳು ನಿಂತಿತು. ಕನ್ನಡಕ ತೆಗೆದು ಒರೆಸಿಕೊಂಡರು. ನನ್ನ ಮುಖ ನೋಡಿದರು. ಆಮೇಲೆ ಹಾಳೆಗಳನ್ನು ಜೋಡಿಸಿ ನನ್ನ ಕೈಗಿಟ್ಟು, ‘ಛಲೋ ಆಗ್ಯಾದ ಯವ್ವಾ. ಮುಂದ ನಡಿ’ ಎಂದರು.

ನಾನು ಮುಂದೆ ನಡೆದೆ. ರಜೆ ಬಂತೆಂದರೆ ಅಫಜಲಪುರ. ನೇರ ಬಸ್ಸು ಸಿಕ್ಕರೆ ಸರಿ, ಇಲ್ಲದಿದ್ದರೆ ಕಲಬುರಗಿಗೆ ಹೋಗಿ ಅಲ್ಲಿಂದ ಇನ್ನೊಂದು. ಎಂಎಸ್ಸಿಯಲ್ಲಿ ನನ್ನ ಜೊತೆ ಓದಿದ ಗೆಳತಿಯೊಬ್ಬಳು ಜೇವರ್ಗಿಯ ಡಿಗ್ರಿ ಕಾಲೇಜಿನಲ್ಲಿದ್ದಾಳೆ. ಹಾಸ್ಟೆಲಿನಲ್ಲಿ ಒಂದೇ ಕೋಣೆಯಲ್ಲಿದ್ದವರು ನಾವು. ನನಗಿಂತ ಸ್ವಲ್ಪ ಚಿಕ್ಕವಳು, ಅಂದಿನಿಂದಲೂ ನನ್ನನ್ನು ಆಪಾ ಎಂದೇ ಕರೆಯುತ್ತಾಳೆ. ನನಗೆ ಕಂಪ್ಯೂಟರಿನಲ್ಲಿ ಗಣಿತದ ಚಿಹ್ನೆ ಬಡಿಯಲು ಬರುವುದಿಲ್ಲವೆಂದು ಎಲ್ಲವನ್ನೂ ಅವಳೇ ಟೈಪು ಮಾಡಿಕೊಟ್ಟಳು. ನಾನು ತಿದ್ದಿದಾಗಲೆಲ್ಲ ಬೇಸರಿಸದೆ ಹೊಸದಾಗಿ ಮಾಡಿಕೊಟ್ಟಳು. ಎಂಟು ಆಯಾಮದಲ್ಲಿ ಗೋಳ ತುಂಬುವ ಪ್ರಶ್ನೆಯನ್ನು ಉಕ್ರೇನಿನ ಹೆಣ್ಣುಮಗಳೊಬ್ಬಳು ಬಿಡಿಸಿದ್ದಾಳೆ ಎಂಬ ಸುದ್ದಿಯನ್ನು ಸರ್ ನನ್ನ ಮೊಬೈಲಿಗೆ ಕಳಿಸಿ, ‘ನೀನೂ ಇದೇ ಹಾದಿ ಮ್ಯಾಲ ಅದಿ’ ಎಂದು ಬರೆದರು. ಅದನ್ನು ಅಮ್ಮನಿಗೆ ಓದಿ ತೋರಿಸಿದೆ. ಅವಳಿಗೆ ಎಂಟು ಆಯಾಮ ತಿಳಿಯಲಿಲ್ಲ. ನಾನು ನಗುತ್ತಿದ್ದೇನೆ ಎಂಬುದು ತಿಳಿಯಿತು.

ಜೇವರ್ಗಿಯಲ್ಲಿ ಗಣಿತದ ಉಪನ್ಯಾಸಕರದ್ದು ಒಂದು ಸಭೆ ನಡೆಯಿತು. ನಮ್ಮ ಸುತ್ತಮುತ್ತಲ ತಾಲ್ಲೂಕಿನವರೇ ಬಂದಿದ್ದರು. ಅಲ್ಲಿ ನಾನೂ ಮಾತಾಡುವುದೆಂದಾಯಿತು. ಸಭೆಯ ಓಡಾಟ ನನ್ನ ಗೆಳತಿಯದೇ. ಅವಳು ಮೊದಲು, ‘ಈ ಸಲ ಬ್ಯಾಡ ಆಪಾ, ಮುಂದಿನ ಸಲ ಇಟ್ಕೊಳ್ಳೋಣ’ ಎಂದಿದ್ದಳು. ಯಾಕೆ ಎಂದರೆ ಹೊತ್ತಿನ ತೊಂದರೆ ಎಂದಳು. ನಾನೇ ಹಟ ಹಿಡಿದೆ. ಸರ್ ಅಫಜಲಪುರದಿಂದ ಬಂದು ಮೊದಲ ಸಾಲಿನಲ್ಲಿ ಕೂತರು.

ಚೆಂಡುಗಳನ್ನು ಮೇಜಿನ ಮೇಲಿಟ್ಟು ಶುರು ಮಾಡಿದೆ. ಎಲ್ಲರೂ ಮನಸ್ಸಿಟ್ಟು ಕೇಳಿದರು. ಮುಗಿದ ಮೇಲೆ ಹಿಂದಿನ ಸಾಲಿನಲ್ಲಿ ಒಬ್ಬಳು ಎದ್ದು ನಿಂತಳು. ಹೊಸದಾಗಿ ಕೆಲಸಕ್ಕೆ ಸೇರಿದ ಉಪನ್ಯಾಸಕಿ, ನಾನು ಅವಳನ್ನು ಅದೇ ಮೊದಲು ನೋಡಿದ್ದು.

‘ಮೇಡಂ, ಒಂದು ಡೌಟ್ ಅದರಿ. ತ್ರಿಭುಜದ ಬದಿ ಹಿಗ್ಗಿದರ ವಿಸ್ತೀರ್ಣ ಹೆಚ್ಚೇ ಆಗ್ತದ ಅಂದ್ರಿ. ಎರಡು ಬದಿ ಹಂಗೇ ಇಟ್ಟು ಮೂರನೇದು ಒಂದೇ ಜಗ್ಗಿಕೋತ ಹೋದ್ರ ಏನಾಗ್ತದರಿ? ಮೊದಲು ಹೆಚ್ಚಾಗ್ತದ, ಆಮ್ಯಾಲ ತ್ರಿಭುಜ ಚಪ್ಪಟಿ ಆಗಿ ಕಡಿಮಿ ಆಗಾಕ ಹತ್ತತದಲ್ರಿ?’

ಬೋರ್ಡಿನ ಕಡೆ ತಿರುಗಿದೆ. ಹೊರಸು ಮಂಚದ ಚೌಕಟ್ಟು ಸಡಿಲಾಗಿ ಓರೆಯಾದರೆ ಒಳಗಿನ ಜಾಗ ಕುಗ್ಗುತ್ತದಲ್ಲ, ಹಾಗೆ. ಬದಿಗಳು ಅಷ್ಟೇ ಇರುತ್ತವೆ, ಕರ್ಣ ಉದ್ದವಾಗುತ್ತ ಹೋಗುತ್ತದೆ, ಜಾಗ ಮಾತ್ರ ಇಳಿಯುತ್ತದೆ. ಪಿಯುಸಿ ಹುಡುಗರಿಗೆ ನಾನೇ ಕಲಿಸುವ ಸಂಗತಿ. ಆ ಹುಡುಗಿ ಹೇಳುತ್ತಿದ್ದದ್ದು ಸರಿ, ಹಾಗಾದರೆ ನನ್ನ ವಾದ ನಿಲ್ಲುವುದಿಲ್ಲ ಎಂದು ಕಂಡಿತು. ಕಂಡೂ ನಂಬಲಾಗಲಿಲ್ಲ. ಇದೇ ಪುಟವನ್ನು ಸರ್ ಎಷ್ಟು ಸಲ ಓದಿದ್ದಾರೆ! ಏನೋ ಉತ್ತರ ಇರಲೇಬೇಕು, ನನಗೆ ಈ ಗಳಿಗೆಯಲ್ಲಿ ಹೊಳೆಯುತ್ತಿಲ್ಲ ಅಷ್ಟೇ ಎಂದುಕೊಂಡು ಮೊದಲ ಸಾಲಿನ ಕಡೆ ನೋಡಿದೆ.

ಸರ್ ತಲೆ ತಗ್ಗಿಸಿ ಅಂಗೈ ನೋಡಿಕೊಳ್ಳುತ್ತಿದ್ದರು. ಅವರ ಪಕ್ಕದಲ್ಲಿದ್ದ ಗೆಳತಿ ನನ್ನ ಕಣ್ಣಿಗೆ ಕಣ್ಣು ಸೇರಿಸಲಿಲ್ಲ. ಥಟ್ಟನೆ ಎದ್ದು, ‘ಟೈಮ್ ಆಗ್ಯಾದ್ರಿ, ಚಾ ತಣ್ಣಗಾಗ್ತದ, ಮುಂದಿನ ಮಾತು ಅಲ್ಲೇ ಆಡೋಣ’ ಎಂದಳು.

ಇಬ್ಬರ ಮುಖದಲ್ಲೂ ಆಶ್ಚರ್ಯ ಇರಲಿಲ್ಲ. ನನಗೆ ಗೊತ್ತಾದದ್ದು ಅದರಿಂದಲೇ. ತಪ್ಪು ಈಗ ತಿಳಿದವರಿಗೆ ಆಶ್ಚರ್ಯವಾಗುತ್ತದೆ. ಇವರು ಈ ಗಳಿಗೆಗೆ ಹೆದರಿಕೊಂಡು ಬಂದು ಕೂತಿದ್ದರು.

ಎಲ್ಲರೂ ಚಹಾಕ್ಕೆ ಹೋದ ಮೇಲೆ ಗೆಳತಿಯನ್ನು ಖಾಲಿ ತರಗತಿಯೊಂದಕ್ಕೆ ಕರೆದುಕೊಂಡು ಹೋಗಿ ಬಾಗಿಲು ಮುಂದೆ ಮಾಡಿದೆ.

‘ನಿನಗ ಮೊದಲೇ ಗೊತ್ತಿತ್ತು.’

ಅವಳು ಸುಳ್ಳು ಹೇಳಲು ನೋಡಲಿಲ್ಲ. ‘ಸರ್ ಹೇಳಿದ್ರು.’

‘ಯಾವಾಗ?’

‘ನೀ ಮೊದಲನೇ ಸಲ ಬರದು ಕೊಟ್ಟಾಗೇ. ಫೋನ್ ಮಾಡಿ ಹೇಳಿದ್ರು. ಈಗ ಆಕಿಗೆ ಹೇಳಬ್ಯಾಡ, ಸ್ವಲ್ಪ ಚೇತರಿಸ್ಕೊಳ್ಳಲಿ ಅಂದ್ರು.’

‘ತಪ್ಪದ ಅಂತ ಗೊತ್ತಿದ್ದೂ ಆ ಪುಟ ಟೈಪ್ ಮಾಡಿಕೋತ ಬಂದಿ?’

‘ಹೌದು.’

‘ಪ್ರತಿ ಸಲಾನೂ?’

ಅವಳು ಅಳತೊಡಗಿದಳು. ‘ನೀ ಎಷ್ಟು ಖುಷಿಲಿಂದ ಬರ್ತಿದ್ದಿ ಆಪಾ. ನನ್ನ ಜಾಗಾದಾಗ ನೀ ಇದ್ದಿದ್ರ ಏನು ಮಾಡ್ತಿದ್ದಿ?’

ಆಗ ನನ್ನ ತಲೆಯಲ್ಲಿ ಇದ್ದದ್ದು ಆ ಪ್ರಶ್ನೆಯಲ್ಲ. ನಾನು ಚೆಂಡು ಹಿಡಿದುಕೊಂಡು ಸರ್ ಮುಂದೆ ಕೂತು ಹುರುಪಿನಿಂದ ಹೇಳುತ್ತಿದ್ದ ಒಂದೊಂದು ಮಧ್ಯಾಹ್ನವೂ ಕಣ್ಣ ಮುಂದೆ ಬಂತು. ಅವರು ತಲೆ ಆಡಿಸುತ್ತಿದ್ದರು. ನಾನು ಎದ್ದು ಹೋದ ಮೇಲೆ ಇವಳಿಗೆ ಫೋನು ಮಾಡಿ ‘ಬಂದು ಹೋದಳು, ಖುಷಿಯಾಗಿ ಇದ್ದಳು’ ಎನ್ನುತ್ತಿದ್ದರೇನೋ. ಇಬ್ಬರೂ ನನ್ನನ್ನು ರೋಗಿಯ ಹಾಗೆ ನೋಡಿಕೊಂಡಿದ್ದರು.

ಹೊರಗೆ ಸರ್ ಮರದ ಕೆಳಗೆ ನಿಂತಿದ್ದರು. ನಾನು ಅವರ ಮುಂದೆಯೇ ಹಾದು ಬಸ್‌ಸ್ಟ್ಯಾಂಡಿಗೆ ನಡೆದೆ. ಚೆಂಡುಗಳು ಜೇವರ್ಗಿಯಲ್ಲೇ ಉಳಿದವು.

ಕೆಲವು ದಿನ ಅವರ ಫೋನು ಎತ್ತಲಿಲ್ಲ. ಆಮೇಲೆ ಒಂದು ಭಾನುವಾರ ಅವರೇ ಆಳಂದಕ್ಕೆ ಬಂದರು. ವಯಸ್ಸಾದವರು, ಬಸ್ಸಿನಲ್ಲಿ ಬಂದು ಬೆವತುಹೋಗಿದ್ದರು. ಅಮ್ಮ ನೀರು ಕೊಟ್ಟು, ಚಹಾ ಇಟ್ಟು, ಒಳಗೆ ಹೋದಳು. ಎಷ್ಟೋ ವರ್ಷಗಳ ಹಿಂದೆ ಅಪ್ಪನ ಜೊತೆ ಮಾತಾಡಿದ್ದ ಅದೇ ಜಗಲಿಯ ಮೇಲೆ ಕೂತರು. ನಾನು ಬಾಗಿಲಿಗೆ ಒರಗಿ ನಿಂತೆ.

‘ಆ ವರ್ಷ ನೀ ಊಟ ಬಿಟ್ಟಿದ್ದಿ ಯವ್ವಾ. ನಿಮ್ಮವ್ವ ನನಗ ಫೋನ್ ಮಾಡಿ ಅತ್ತಿದ್ದಳು. ಈ ಲೆಕ್ಕ ಹಿಡಿದ ಮ್ಯಾಲ ಉಣ್ಣಾಕ ಹತ್ತಿದಿ, ನಗಾಕ ಹತ್ತಿದಿ. ಅದನ್ನ ಹ್ಯಾಂಗ ಕಸಕೊಳ್ಳಲಿ?’

‘ಆ ವರ್ಷ ಹೇಳಲಿಲ್ಲ, ಒಪ್ಪತೇನ್ರಿ. ಅದರ ಮುಂದಿನ ವರ್ಷ? ಅದರ ಮುಂದಿಂದು?’

‘ದಿನಾ ಹೋದಂಗೆಲ್ಲ ಹೇಳೋದು ಕಠಿಣ ಆಯ್ತು.’

‘ಸರ್, ನನ್ನ ಗಂಡನ ಜಡ್ಡು ಮುಚ್ಚಿಟ್ಟಿದ್ದಕ್ಕ ನಾ ಯಾರ ಮುಂದ ಅತ್ತೆ? ನಿಮ್ಮ ಮುಂದ. ಹಂಗ ಮಾಡಬಾರದಿತ್ತು ಅಂತ ಹೇಳಿದೋರು ಯಾರು? ನೀವು. ಮತ್ತ ನೀವೇ ಹಂಗ ಮಾಡಿದ್ರಿ.’

ಅವರು ಚಹಾ ಕುಡಿಯದೆ ಪಕ್ಕಕ್ಕೆ ಸರಿಸಿದರು. ನನಗೆ ಅಯ್ಯೋ ಅನ್ನಿಸಿತು. ಆದರೂ ಇನ್ನೊಂದು ಮಾತು ಕೇಳದೆ ಇರಲಾಗಲಿಲ್ಲ.

‘ತಪ್ಪು ಇದ್ದ ಪುಟ ಬಿಡ್ರಿ. ಅದರ ಮುಂದಿನ ಹಾಳಿ ಅಷ್ಟೂ ಓದೀರೇನ್ರಿ?’

ಬೀದಿಯಲ್ಲಿ ತರಕಾರಿ ಮಾರುವವನು ಕೂಗಿಕೊಂಡು ಹೋದ. ಸರ್ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು.

‘ಬುನಾದಿನೇ ಕುಸಿದ ಮ್ಯಾಲ ಮುಂದಿಂದು ಓದಿ ಏನು ಮಾಡೋದಂತ... ಸುಮ್ಮ ಕಣ್ಣಾಡಿಸ್ತಿದ್ದೆ ಯವ್ವಾ.’

ತಪ್ಪನ್ನು ಮುಚ್ಚಿಟ್ಟದ್ದಕ್ಕಿಂತ ಇದು ಹೆಚ್ಚು ಚುಚ್ಚಿತು. ಮೊದಲನೆಯದರಲ್ಲಿ ಕರುಣೆಯಾದರೂ ಇತ್ತು. ಅಷ್ಟು ವರ್ಷ ಅವರು ನನ್ನ ಕೆಲಸವನ್ನು ನೋಡಿಯೇ ಇರಲಿಲ್ಲ. ‘ಇದು ಭಾರಿ ಆತು’ ಎಂದು ಅವರು ಮೆಚ್ಚಿದ ಸಾಲುಗಳೆಲ್ಲ ಅವರು ಓದದೆ ಇದ್ದ ಸಾಲುಗಳು. ಹದಿಮೂರನೆಯ ಚೆಂಡಿನ ಸುತ್ತ ನಾನು ಒಬ್ಬಳೇ ಮಾತಾಡಿಕೊಂಡಿದ್ದೆ. ನನಗೆ ಅದು ಇಬ್ಬರ ಮಾತುಕತೆ ಅನ್ನಿಸಿತ್ತು.

ಅವರನ್ನು ಬಸ್ಸಿಗೆ ಬಿಟ್ಟು ಬಂದೆ. ಅಷ್ಟು ಮಾಡದೆ ಇರಲು ಆಗಲಿಲ್ಲ.

ಮನೆಗೆ ಬಂದು ಅಮ್ಮನ ಮೇಲೂ ರೇಗಿದೆ. ಅವಳು ಸರ್‌ಗೆ ಫೋನು ಮಾಡಿದ್ದು ನನಗೆ ತಿಳಿದಿರಲಿಲ್ಲ. ಅವಳು ಹೊಲಿಯುತ್ತಿದ್ದ ಕೌದಿ ಮಡಿಚಿಟ್ಟು ಅಡುಗೆಮನೆಗೆ ಹೋದಳು.

ಕೆಲವು ತಿಂಗಳು ಆ ಹಾಳೆಗಳನ್ನು ಮುಟ್ಟಲಿಲ್ಲ. ಮುಟ್ಟುವಂತೆ ಮಾಡಿದವಳು ಅಂದು ಪ್ರಶ್ನೆ ಕೇಳಿದ ಉಪನ್ಯಾಸಕಿ. ನನ್ನ ನಂಬರು ಹುಡುಕಿ ಫೋನು ಮಾಡಿದಳು. ‘ಎಲ್ಲಾರ ಮುಂದ ಕೇಳಬಾರದಿತ್ತೇನ್ರಿ ಮೇಡಂ? ನಿಮಗ ಬ್ಯಾಸರ ಆಯ್ತೇನೋ ಅಂತ ನನಗ ನಿದ್ದಿ ಬರವಲ್ದು’ ಎಂದಳು. ಕೇಳಿದ್ದು ಒಳ್ಳೆಯದಾಯಿತು, ಎಲ್ಲರ ಮುಂದೆ ಕೇಳಿದ್ದು ಇನ್ನೂ ಒಳ್ಳೆಯದಾಯಿತು ಎಂದೆ. ಆಮೇಲೆ ಅವಳು ಒಂದು ಮಾತು ಸೇರಿಸಿದಳು. ‘ಖರೇ ಹೇಳ್ತೇನ್ರಿ, ಹದಿಮೂರಕ್ಕ ನಿಮ್ಮ ವಾದ ಸಾಲೋದಿಲ್ಲ. ಆದ್ರ ಹದಿನಾಲ್ಕಕ್ಕ?’

ಹದಿನಾಲ್ಕು ಚೆಂಡಾದರೆ ತ್ರಿಭುಜಗಳು ಇಪ್ಪತ್ನಾಲ್ಕು. ಅಷ್ಟಕ್ಕೆ ಬೇಕಾದ ಜಾಗ ಚೆಂಡಿನ ಮೈಗಿಂತ ಸ್ಪಷ್ಟವಾಗಿ ಹೆಚ್ಚು. ಚಪ್ಪಟೆ ತ್ರಿಭುಜ ಬಂದಲ್ಲಿ ಪಕ್ಕದ್ದನ್ನು ಕೂಡಿಸಿಕೊಂಡು ಕರ್ಣವನ್ನು ಇನ್ನೊಂದು ಮೂಲೆಗೆ ಬದಲಿಸಿದರೆ ಓರೆಯೂ ಹೋಗುತ್ತದೆ. ಇಬ್ಬರೂ ಕೂತು ಒಂದೊಂದೇ ಸಾಲು ಒರೆಗೆ ಹಚ್ಚಿದೆವು. ಅವಳು ಬಿಡದೆ ಕಾಡುತ್ತಿದ್ದಳು, ‘ಇದು ಹ್ಯಾಂಗ ಬಂತ್ರಿ, ಇದನ್ನ ನಾ ಒಪ್ಪೋದಿಲ್ಲ’ ಎನ್ನುತ್ತಿದ್ದಳು. ಎಷ್ಟು ಹಿತವಾಗಿತ್ತು ಅದು! ಹದಿಮೂರು ನನ್ನ ಕೈಗೆ ಸಿಗಲಿಲ್ಲ, ಸಿಗುವುದೂ ಇಲ್ಲ. ಅದಕ್ಕೆ ಆ ಉದ್ದನೆಯ ರುಜುವಾತೇ ಬೇಕು. ಆದರೆ ಹದಿನಾಲ್ಕು ಚೆಂಡು ಕೂಡುವುದಿಲ್ಲ ಎಂಬುದನ್ನು ಈಗ ನಮ್ಮ ಪಿಯುಸಿ ಹುಡುಗಿಯರು ಬೋರ್ಡಿನ ಮೇಲೆ ತಾವೇ ಮಾಡಿ ತೋರಿಸುತ್ತಾರೆ. ಹೊಸ ಸಂಗತಿಯೇನಲ್ಲ, ಜಗತ್ತಿಗೆ ಎಂದೋ ಗೊತ್ತಿರುವುದು.

ಕಳೆದ ಚಳಿಗಾಲದಲ್ಲಿ ಸರ್ ಕಣ್ಣಿನ ಆಪರೇಷನ್ ಆಯಿತು. ಅವರ ಹೆಂಡತಿ ಫೋನು ಮಾಡಿ ‘ನಿನ್ನ ಭಾಳ ನೆನಸಾಕತ್ತಾರ, ಒಂದು ಸಲ ಬಂದು ಹೋಗಬೇ’ ಎಂದಾಗ ಅಫಜಲಪುರಕ್ಕೆ ಹೋದೆ. ಕಣ್ಣಿನ ಪಟ್ಟಿಯ ಮೇಲೆ ಕಪ್ಪು ಕನ್ನಡಕ ಹಾಕಿಕೊಂಡು ಅಂಗಳದಲ್ಲಿ ಕೂತಿದ್ದರು. ಹದಿನಾಲ್ಕರ ವಿಷಯ ಯಾರಿಂದಲೋ ಕೇಳಿದ್ದರು.

‘ಪಟ್ಟಿ ಬಿಚ್ಚಿದ ಮ್ಯಾಲ ಓದತೇನಿ, ಕಳಿಸು ಯವ್ವಾ. ಈ ಸಲ ಸಾಲು ಸಾಲು ಓದತೇನಿ.’

‘ಬ್ಯಾಡ್ರಿ ಸರ್. ಅದನ್ನ ಓದೋರು ಅದಾರ.’

‘ಇನ್ನೂ ಸಿಟ್ಟು ಅದ ಏನು?’

‘ಸಿಟ್ಟಲ್ರಿ. ನೀವು ಛಲೋ ಅದ ಅಂದ್ರ ಇನ್ನ ನಾ ಹ್ಯಾಂಗ ನಂಬಲಿ?’

ಅವರು ಕಪ್ಪು ಕನ್ನಡಕದ ಹಿಂದಿನಿಂದ ನನ್ನ ಕಡೆಗೇ ಮುಖ ಮಾಡಿ ಕೂತರು. ಅವರಿಗೆ ಇನ್ನೂ ಸರಿಯಾಗಿ ಕಾಣುತ್ತಿರಲಿಲ್ಲ. ಅವರ ಹೆಂಡತಿ ಒಳಗಿನಿಂದ ಊಟಕ್ಕೆ ಕರೆದರು. ನಾನು ಸರ್ ಕೈ ಹಿಡಿದು ಎಬ್ಬಿಸಿ ಒಳಗೆ ಕರೆದುಕೊಂಡು ಹೋದೆ, ತಟ್ಟೆಯ ಮುಂದೆ ಕೂಡಿಸಿದೆ, ರೊಟ್ಟಿ ಎಲ್ಲಿದೆ, ಶೇಂಗಾ ಹಿಂಡಿ ಎಲ್ಲಿದೆ ಎಂದು ತೋರಿಸಿದೆ.

ಈಗಲೂ ಆಗಾಗ ಹೋಗುತ್ತೇನೆ. ಗೆಳತಿಗೂ ಈದ್‌ಗೆ, ದೀಪಾವಳಿಗೆ ಒಂದು ಸಾಲು ಬರೆಯುತ್ತೇನೆ, ಅವಳೂ ಬರೆಯುತ್ತಾಳೆ. ಸರ್ ಮನೆಯಲ್ಲಿ ತೊಗರಿಯ ಬೆಳೆ, ಮೊಣಕಾಲ ನೋವು, ಬಸ್ಸು ತಡವಾದದ್ದು, ಎಲ್ಲ ಮಾತಾಡುತ್ತೇವೆ. ಗಣಿತ ಮಾತಾಡುವುದಿಲ್ಲ. ಒಂದೆರಡು ಸಲ ಅವರು ಏನೋ ನೆನಪಾದವರಂತೆ ಬಾಯಿ ತೆರೆದು, ನನ್ನ ಮುಖ ನೋಡಿ ಸುಮ್ಮನಾದರು. ಏನು ಸರ್ ಎಂದು ನಾನು ಕೇಳಲಿಲ್ಲ.